ಕಳೆದರೆ ಉಳಿಯುವುದು ಬರೀ ಇಪ್ಪತ್ತೇ?

ಪತ್ರ: ಕಳೆದ ಸಂಚಿಕೆಯಲ್ಲಿ ಮೆಕ್ಸಿಕೋದ ಬೇಸ್‌ಬಾಲ್ ಪಿಚರ್ (ಚೆಂಡೆಸೆಗಾರ) ಫರ್ನಾಂಡೊ ವಾಲೆನ್ಸುವೆಲಾ ಬಗ್ಗೆ ನಾಲ್ಕು ಪುಟ ಸುರಿದಿದ್ದೀರಿ. ಗೆದ್ದದ್ದು 173, ಸೋತದ್ದು 153. ಇಂತಹ ಸಾಧಾರಣ ಆಟಗಾರನಿಗೆ ಇಷ್ಟು ಜಾಗ ಏಕೆ? – ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಸಂಪಾದಕರ ಉತ್ತರ: ಸ್ವಾಮಿ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 2004ರಲ್ಲಿ ನಡೆದ ಮತದಾನದಲ್ಲಿ ಶೇಕಡಾ 5ರಷ್ಟು ಮತವೂ ಸಿಗದೆ ಅವರ ಹೆಸರು ಪಟ್ಟಿಯಿಂದ ಉದುರಿತು. ಇದನ್ನೂ ನಿಮ್ಮ ಖಾತೆಗೆ ಜಮಾ ಮಾಡಿಕೊಳ್ಳಿ. ಇನ್ನು ಜಗಳಕ್ಕೆ ಬರೋಣ.

ಮೆಕ್ಸಿಕೋದ ಸೊನೋರಾ ರಾಜ್ಯದ ಹಳ್ಳಿಯೊಂದರ ಬಡ ಮನೆಯಲ್ಲಿ ಹನ್ನೆರಡನೆಯ ಮಗು ಈತ. 1978ರಲ್ಲಿ ಮೈಕ್ ಬ್ರಿಟೊ ಎಂಬ ಪ್ರತಿಭಾ ಶೋಧಕ ನೋಡಲು ಹೋದದ್ದು ಬೇರೊಬ್ಬ ಆಟಗಾರನನ್ನು. ಕಣ್ಣು ನೆಟ್ಟದ್ದು ಈ ಹುಡುಗನ ಎಡಗೈ ಮೇಲೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಸೇರಿದ ಮೇಲೆ ಅದೇ ತಂಡದ ಪಿಚರ್ ಬಾಬಿ ಕ್ಯಾಸ್ಟಿಲ್ಲೊ ಇವನಿಗೆ ಸ್ಕ್ರೂಬಾಲ್ ಕಲಿಸಿದರು. ಮಾಮೂಲಿ ತಿರುವು ಎಸೆತವಾದ ಕರ್ವ್‌ಬಾಲ್‌ಗಿಂತ ಉಲ್ಟಾ ತಿರುಗಿ ಬಲಗೈ ಬ್ಯಾಟರ್‌ನಿಂದ ಜಾರಿಕೊಳ್ಳುವ ಎಸೆತ ಅದು. ಎಸೆಯುವ ಮುನ್ನ ಆಕಾಶ ನೋಡುವ ಅಭ್ಯಾಸ ಬೇರೆ!

1981ರ ಮೊದಲ ಪಂದ್ಯಕ್ಕೆ ನಿಗದಿಯಾಗಿದ್ದ ಪಿಚರ್ ಜೆರ್ರಿ ರಾಯ್ಸ್ ಗಾಯಗೊಂಡರು. ಚೆಂಡು ಇಪ್ಪತ್ತರ ಹುಡುಗನ ಕೈಗೆ ಬಂತು. ಆರಂಭದ ಎಂಟೂ ಪಂದ್ಯ ಗೆಲುವು. ಐದರಲ್ಲಿ ಎದುರಾಳಿಗೆ ಒಂದು ರನ್ನೂ ಇಲ್ಲ. ಆ ವರ್ಷದ ಶ್ರೇಷ್ಠ ಹೊಸಬನ ಪ್ರಶಸ್ತಿ, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡೂ ಅವನದೇ. ಒಂದೇ ವರ್ಷ ಎರಡನ್ನೂ ಪಡೆದವರು ಇನ್ನೊಬ್ಬರಿಲ್ಲ.

ಆದರೆ ನಾನು ಆ ನಾಲ್ಕು ಪುಟ ಕೊಟ್ಟದ್ದು ಪ್ರಶಸ್ತಿಗಾಗಿ ಅಲ್ಲ. ಡಾಡ್ಜರ್ಸ್ ಕ್ರೀಡಾಂಗಣ ಇರುವ ಚಾವೆಜ್ ರವೀನ್ ಮೊದಲು ಮೆಕ್ಸಿಕನ್ ಮೂಲದವರ ಬಡಾವಣೆ. ಬಡವರಿಗೆ ಮನೆ ಕಟ್ಟುತ್ತೇವೆಂದು ಅವರನ್ನು ಎಬ್ಬಿಸಿದರು, ಮನೆ ಕಟ್ಟಲಿಲ್ಲ. ಉಳಿದಿದ್ದ ಕೊನೆಯವರನ್ನು 1959ರಲ್ಲಿ ಪೊಲೀಸರು ಎಳೆದು ಹೊರಹಾಕಿದರು. ಆ ನೆಲಕ್ಕೆ ಕಾಲಿಡಲು ಮನಸ್ಸಾಗದಿದ್ದವರು ಈ ಹುಡುಗನಿಗಾಗಿ ಟಿಕೆಟ್ ಕೊಂಡರು. ಇದನ್ನು ನಿಮ್ಮ ಲೆಡ್ಜರಿನ ಯಾವ ಕಾಲಂನಲ್ಲಿ ಬರೆಯುತ್ತೀರಿ?

153 ಸೋಲುಗಳನ್ನೂ ಬಿಡಿಸಿ ನೋಡಬೇಕು. 1982ರಿಂದ 1987ರವರೆಗೆ ಡಾಡ್ಜರ್ಸ್ ಅವರಿಂದ ಪ್ರತಿ ವರ್ಷ 250ಕ್ಕಿಂತ ಹೆಚ್ಚು ಇನ್ನಿಂಗ್ಸ್ (ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆಸಿದರು. 1988ರಲ್ಲಿ ಭುಜ ಕೈಕೊಟ್ಟಿತು. 1990ರಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಕೊಡದೆ ಗೆದ್ದ ಮನುಷ್ಯನನ್ನು ಮುಂದಿನ ಋತು ಶುರುವಾಗುವ ಮೊದಲೇ ಕೈಬಿಟ್ಟರು. ಆಮೇಲೆ ಊರೂರು ಅಲೆದು 1997ರವರೆಗೆ ಎಸೆದರು. ಎತ್ತಿನ ಹೆಗಲು ಹುಣ್ಣಾದ ಮೇಲೆ ಉಳುಮೆ ಅಳೆಯುವ ಲೆಕ್ಕ ನನಗೆ ಒಗ್ಗುವುದಿಲ್ಲ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ನಾನು ಹಿಂದೆ ದುಡಿದ ಪತ್ರಿಕೆಯೊಂದರಲ್ಲಿ ವರದಿಗಾರ ಮಳೆಯಲ್ಲಿ ನಿಂತು ಬರೆದು ತಂದ ವರದಿಯನ್ನು ಮೂರು ಸಾಲಿಗೆ ಕತ್ತರಿಸಿ ಅಂಕಪಟ್ಟಿಗೆ ಜಾಗ ಮಾಡುತ್ತಿದ್ದರು. ಹೀಗೆ ಓದಿಸಿದವರು ನಾವೇ.

ಅಂಕಿಯೇ ಬೇಕೆಂದರೆ ಒಂದಿದೆ: 34, ಅವರ ಅಂಗಿಯ ಸಂಖ್ಯೆ. ಹಾಲ್ ಆಫ್ ಫೇಮ್ ಸೇರದವರ ಸಂಖ್ಯೆಯನ್ನು ಡಾಡ್ಜರ್ಸ್ ಸಾಮಾನ್ಯವಾಗಿ ಮೀಸಲಿಡುವುದಿಲ್ಲ. ಆದರೂ 1991ರ ನಂತರ ಆ ಅಂಗಿಯನ್ನು ಅಲ್ಲಿ ಬೇರೆ ಯಾರಿಗೂ ತೊಡಿಸಲಿಲ್ಲ. 2023ರ ಆಗಸ್ಟ್‌ನಲ್ಲಿ, ಅವರು ತೀರಿಕೊಳ್ಳುವ ಮುಂಚಿನ ವರ್ಷ, ಅದನ್ನು ಅಧಿಕೃತ ಮಾಡಿದರು.