ಹಿಂದಿನ ಸಾಲಿನ ಹುಡುಗನಿಗೆ ಕೇಳಿಸುತ್ತಿದೆಯೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಕೇಳಲು, ಮಾತಾಡಲು, ಕಲಿಯಲು ಕಷ್ಟಪಡುವ ಮಕ್ಕಳ ಬಗ್ಗೆ ಒಂದೇ ಪ್ರಶ್ನೆ. ಸಿಂಧನೂರಿನವರು ಒಂದು ರೀತಿ ಕೇಳಿದ್ದಾರೆ, ಗಂಗಾವತಿಯವರು ಇನ್ನೊಂದು ರೀತಿ. ಒಳಗಿನ ಮಾತು ಮಾತ್ರ ಒಂದೇ: "ಈ ಮಗುವನ್ನು ಎಲ್ಲಿಗೆ ಕಳಿಸಬೇಕು?" ರಾಯಚೂರು ಜಿಲ್ಲೆಯ ಶಾಲೆಗಳನ್ನು ಸುತ್ತಿ ಮಕ್ಕಳ ಕಿವಿ, ಮಾತು ಪರೀಕ್ಷೆ ಮಾಡುವುದು ನನ್ನ ಕೆಲಸ. ಈ ಪ್ರಶ್ನೆ ಕೇಳಿದರೆ ಈಗೀಗ ನನಗೆ ಸಿಟ್ಟು ಬರುತ್ತದೆ. ಕಳಿಸುವ ಮಾತು ಆಮೇಲೆ ಆಡೋಣ. ಮಗು ಈಗ ಕೂತಿರುವ ಕೋಣೆಯಲ್ಲಿ ಏನು ಮಾಡಿದ್ದೀರಿ? ಅದನ್ನು ಮೊದಲು ಹೇಳಿ.

ಪ್ರಶ್ನೆ: ಮೂರು ವರ್ಷದ ಮಗ ಮಾತಾಡುತ್ತಿಲ್ಲ. ನಾಲಿಗೆ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ ಎಂದು ಊರಲ್ಲಿ ಒಬ್ಬರು ಹೇಳುತ್ತಾರೆ. ಮಾಡಿಸಲೇ? (ತಾಯಿ, ಮಾನ್ವಿ)

ಬೇಡಮ್ಮಾ, ಅವರ ಹತ್ತಿರ ಹೋಗಲೇಬೇಡಿ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ಇದೇ ವಾರ.

ಪ್ರಶ್ನೆ: ನಾಲ್ಕನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಒಬ್ಬ ಹುಡುಗ ಕರೆದರೆ ಒಮ್ಮೆ ತಿರುಗುತ್ತಾನೆ, ಒಮ್ಮೆ ಇಲ್ಲ. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡೋ ಮೂರೋ ಸರಿ. ನೋಡಿ ಬರೆಯುವುದು ಮಾತ್ರ ಚೆನ್ನಾಗಿದೆ. ಮನೆಯವರು ಹಠಮಾರಿ ಅನ್ನುತ್ತಾರೆ. ನಮ್ಮ ಮುಖ್ಯಗುರುಗಳು ವಿಶೇಷ ಶಾಲೆಗೆ ಸೇರಿಸಲು ತಂದೆಗೆ ಹೇಳಿ ಅನ್ನುತ್ತಾರೆ. ಏನು ಮಾಡಲಿ? (ಸಹಶಿಕ್ಷಕಿ, ಲಿಂಗಸುಗೂರು ತಾಲೂಕು)

ಟೀಚರ್, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೋಡಿ ಬರೆಯುತ್ತಾನೆ, ಕೇಳಿ ಬರೆಯಲು ಆಗುತ್ತಿಲ್ಲ. ಅವನ ಉಕ್ತಲೇಖನದ ನೋಟ್‌ಬುಕ್ ತೆಗೆಯಿರಿ. ತಪ್ಪು ಎಷ್ಟು ಎಂದು ಎಣಿಸಬೇಡಿ, ಯಾವ ತಪ್ಪು ಎಂದು ನೋಡಿ. 'ಬರ' ಎಂದು ಹೇಳಿದಾಗ 'ಮರ' ಬರೆದಿದ್ದಾನೆಯೇ? 'ಸಾಲು' ಎಂದಾಗ 'ಹಾಲು' ಬರೆದಿದ್ದಾನೆಯೇ? ಪರ, ಬರ, ಮರ, ಈ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ಕಿವಿ ಮಂದವಾದ ಮಗು ನಿಮ್ಮ ತುಟಿ ನೋಡಿ ಊಹಿಸುತ್ತದೆ, ಇಂಥ ಕಡೆ ಎಡವುತ್ತದೆ. ಇನ್ನು ಸ, ಶ ಬರೀ ಗಾಳಿಯ ಸದ್ದುಗಳು. ಬಹಳ ಮಕ್ಕಳಿಗೆ ಮೊದಲು ಕೇಳಿಸದಂತಾಗುವುದು ಅವೇ.

ಈಗ ಒಂದು ಕೆಲಸ ಮಾಡಿ. ಅವನಿಗೆ ಗೊತ್ತಿರುವ ಹತ್ತು ಸುಲಭ ಪದಗಳನ್ನು ಎದುರಿಗೆ ನಿಂತು, ಮುಖ ಕಾಣುವಂತೆ ಹೇಳಿ ಬರೆಸಿ. ಮರುದಿನ ಅಂಥದ್ದೇ ಬೇರೆ ಹತ್ತು ಪದ, ಅಷ್ಟೇ ದೂರ, ಅಷ್ಟೇ ದನಿ. ಈ ಸಲ ನೀವು ಅವನ ಬೆನ್ನ ಹಿಂದೆ ನಿಂತಿರಬೇಕು. ಮೊದಲ ದಿನ ಎಂಟು ಸರಿ, ಎರಡನೇ ದಿನ ಮೂರು ಸರಿ ಎಂದಾದರೆ ಅವನು ಇಷ್ಟು ದಿನ ಕಣ್ಣಿನಿಂದ ಕೇಳಿಸಿಕೊಳ್ಳುತ್ತಿದ್ದ. ಎರಡೂ ದಿನ ಒಂದೇ ಥರ ತಪ್ಪಿದ್ದರೆ ಅದು ಓದು-ಬರಹದ್ದೇ ತೊಂದರೆ ಇರಬಹುದು. ಒತ್ತಕ್ಷರ, ಕೊಂಬು, ದೀರ್ಘ ಹಿಡಿತಕ್ಕೆ ಸಿಗದ ಮಕ್ಕಳೂ ನೋಡಿ ಬರೆಯುವುದನ್ನು ಚೆನ್ನಾಗಿ ಮಾಡುತ್ತಾರೆ. ಹೇಗಿದ್ದರೂ ಇದು ನಿಮ್ಮ ಅನುಮಾನಕ್ಕೆ ಒಂದು ದಾರಿ, ಅಷ್ಟೇ. ಇದರ ಮೇಲೆ ಅವನಿಗೆ ಯಾವ ಹೆಸರನ್ನೂ ಅಂಟಿಸಬೇಡಿ.

"ಒಮ್ಮೆ ತಿರುಗುತ್ತಾನೆ, ಒಮ್ಮೆ ಇಲ್ಲ" ಎಂದಿರಿ. ಹತ್ತು ಮನೆಗೆ ಹೋದರೆ ಹತ್ತೂ ಕಡೆ ಇದನ್ನೇ ಕೇಳುತ್ತೇನೆ. "ಬೇಕಾದಾಗ ಕೇಳಸ್ತದ್ರೀ, ಬ್ಯಾಡಾದಾಗ ಇಲ್ಲ. ನಾಟಕ ಮಾಡ್ತಾನ." ನಾಟಕ ಅಲ್ಲ. ನೆಗಡಿಯಾದಾಗ ಕಿವಿಪರದೆಯ ಹಿಂದೆ ನೀರು ನಿಲ್ಲುತ್ತದೆ. ಅದು ವಾರಗಟ್ಟಲೆ ಇರಬಹುದು, ನೋವೂ ಇರುವುದಿಲ್ಲ. ನೀರು ಇದ್ದಾಗ ಕೇಳುವುದು ಮಂದ, ಇಳಿದಾಗ ಸರಿ. ಪರದೆಯಲ್ಲಿ ತೂತು ಬಿದ್ದು ಕಿವಿ ಸೋರುವ ಮಕ್ಕಳದ್ದೂ ಇದೇ ಕಥೆ. ಈ ಏರಿಳಿತಕ್ಕೆ ಎಷ್ಟು ಮಕ್ಕಳು ಏಟು ತಿಂದಿದ್ದಾರೋ! ಒಂದೇ ಕಿವಿ ಕೇಳಿಸುವ ಮಗುವೂ ಹೀಗೇ. ಕೇಳುವ ಕಡೆಯಿಂದ ಕರೆದರೆ ತಿರುಗುತ್ತದೆ, ಇನ್ನೊಂದು ಕಡೆಯಿಂದ ಕರೆದರೆ ಇಲ್ಲ.

ಕಿವಿ ಸೋರುವ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ, ಸೊಪ್ಪಿನ ರಸ, ಯಾವುದನ್ನೂ ಮಗುವಿನ ಕಿವಿಗೆ ಬಿಡಬೇಡಿ. ಸಂತೆಯಲ್ಲಿ ಕಡ್ಡಿ ಹಿಡಿದು ಕಿವಿ ಸ್ವಚ್ಛ ಮಾಡುವವನ ಮುಂದೆ ಕೂರಿಸಬೇಡಿ. ನಾನು ಪರೀಕ್ಷಿಸಿದ ಆರು ವರ್ಷದ ಹುಡುಗಿಯೊಬ್ಬಳ ಕಿವಿಗೆ ಮನೆಯಲ್ಲಿ ಬಿಸಿ ಎಣ್ಣೆ ಬಿಟ್ಟಿದ್ದರು. ನೆಗಡಿಯಿಂದ ಬಂದು ಹೋಗಬೇಕಿದ್ದ ತೊಂದರೆಗೆ ಬಿಟ್ಟ ಆ ಎಣ್ಣೆ ಅವಳ ಕಿವಿಪರದೆಯನ್ನೇ ಸುಟ್ಟಿತ್ತು. ಅವಳ ಅವ್ವ ನನ್ನ ಮುಂದೆ ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸೋರುವ ಕಿವಿಯ ಹುಡುಗರನ್ನು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜಲು ಬಿಡಬೇಡಿ. ಬೇಸಿಗೆಯಲ್ಲಿ ತಡೆಯುವುದು ಕಷ್ಟ, ಗೊತ್ತು. ಆದರೂ ಬಿಡಬೇಡಿ.

ಪರೀಕ್ಷೆ ಎಲ್ಲಿ? ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ವೈದ್ಯರ ತಂಡ ಬರುತ್ತದೆ. ಅವರಿಗೆ ಹುಡುಗನ ಬಗ್ಗೆ ಹೇಳಿ, ಆದರೆ ಅವರು ಬರುವ ತನಕ ಕಾಯಬೇಡಿ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೂರೂ ಕಡೆ ಕಿವಿ-ಮೂಗು-ಗಂಟಲು ವಿಭಾಗವಿದೆ. ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ) ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿ ಆಮೇಲೆ ತಂದೆಯನ್ನು ಕಳಿಸಿ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ "ನಾಳೆ ಬನ್ನಿ" ಅಂದರೆ ಅವರು ಮತ್ತೆ ಬರುವುದಿಲ್ಲ. ಅವರನ್ನು ಬೈಯಲೂ ಆಗುವುದಿಲ್ಲ. ನಿಮ್ಮ ತಾಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಕರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಶಿಕ್ಷಕರು ಇರುತ್ತಾರೆ, ಜೊತೆಗೆ ಹೋಗಲು ಅವರನ್ನು ಕೇಳಿ.

ಫಲಿತಾಂಶ ಬಂದ ಮೇಲೆ ಇನ್ನೊಂದು ತಪ್ಪು ನಡೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್ (ಸದ್ದಿನ ಅಳತೆ) ಶ್ರವಣ ನಷ್ಟ ಇದ್ದರೆ ಮಾತ್ರ 'ಮಂದ ಶ್ರವಣ', 70 ಆದರೆ 'ಕಿವುಡು'. ನಿಮ್ಮ ಹುಡುಗನದು 45 ಬಂತು ಅಂದುಕೊಳ್ಳಿ. ಯುಡಿಐಡಿ, ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡ್ ಸಿಗುವುದಿಲ್ಲ. ಆಗ ಶಾಲೆಯವರು ಏನು ಹೇಳುತ್ತಾರೆ ಗೊತ್ತಾ? "ಕಾರ್ಡ್ ಇಲ್ಲ ಅಂದ್ರೆ ತೊಂದರೆ ಇಲ್ಲ." ಇದು ಬಹಳ ಅನ್ಯಾಯದ ಮಾತು. ಒಂದು ಮೀಟರ್ ದೂರದಲ್ಲಿ ನಿಮ್ಮ ಮಾತು ಸುಮಾರು 60 ಡೆಸಿಬಲ್. ದೂರ ಇಮ್ಮಡಿಯಾದಾಗ ಬಯಲಲ್ಲಾದರೆ 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆ ಮರುದನಿ ಕೊಡುವುದರಿಂದ ಅಷ್ಟು ಇಳಿಯದು, ಆದರೆ ಆ ಮರುದನಿಯೇ ಪದಗಳನ್ನು ಕಲಸಿಹಾಕುತ್ತದೆ. ನಾಲ್ಕನೇ ಸಾಲಿನಲ್ಲಿ ಕೂತ 45 ಡೆಸಿಬಲ್ ಹುಡುಗನಿಗೆ ದನಿ ಇದೆ ಎಂದು ಗೊತ್ತಾಗುತ್ತದೆ, ಏನು ಹೇಳಿದಿರಿ ಎಂದು ಗೊತ್ತಾಗುವುದಿಲ್ಲ. ಕಾರ್ಡ್ ಪಿಂಚಣಿಗೆ, ಬಸ್ ಪಾಸಿಗೆ ಬೇಕು. ನೀವು ಅವನ ಕಡೆ ಮುಖ ಮಾಡಿ ಮಾತಾಡಲು ಯಾವ ಕಾರ್ಡೂ ಬೇಡ.

ಇನ್ನು ನಿಮ್ಮ ಕೋಣೆಗೆ ಬರೋಣ. ನಮ್ಮ ಕಡೆಯ ಬಹುಪಾಲು ತರಗತಿಗಳನ್ನು ನೋಡಿದ್ದೇನೆ. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ, ಕೆಲವು ಕಡೆ ತಗಡಿನ ಛಾವಣಿ, ಮೇಲೆ ಗರಗರ ಅನ್ನುವ ಫ್ಯಾನು, ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ. ಮಂದ ಕಿವಿಯ ಮಗುವಿಗೆ ನಿಮ್ಮ ದನಿ ಸುತ್ತಲಿನ ಸದ್ದಿಗಿಂತ 15 ಡೆಸಿಬಲ್‌ನಷ್ಟಾದರೂ ಮೇಲಿರಬೇಕು. ನೆಲಕ್ಕೆ ಜಮಖಾನೆಯೋ ಹೊಲಿದ ಗೋಣಿಚೀಲವೋ ಹಾಸಿ. ಗೋಡೆಗೆ ಬಟ್ಟೆಯ ಚಾರ್ಟು ತೂಗುಹಾಕಿ. ಅಡುಗೆಮನೆ ಕಡೆಯ ಕಿಟಕಿಯನ್ನು ಪಾಠದ ಹೊತ್ತಿಗೆ ಮುಚ್ಚಿ. ಗರಗರ ಅನ್ನುವ ಫ್ಯಾನನ್ನು ರಿಪೇರಿ ಮಾಡಿಸಿ, ಆರಿಸಬೇಡಿ. ರಾಯಚೂರಿನ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಅವನನ್ನು ಮುಂದೆ ಕೂರಿಸಿ ಅಂತ ಎಲ್ಲರೂ ಹೇಳುತ್ತಾರೆ. ತೀರಾ ಮುಂದೆ, ನಟ್ಟನಡುವೆ ಬೇಡ. ಅಲ್ಲಿ ಕೂತರೆ ನಿಮ್ಮ ಗದ್ದ ಕಾಣುತ್ತದೆ, ಹಿಂದೆ ಮಾತಾಡುವ ಗೆಳೆಯ ಕಾಣುವುದಿಲ್ಲ. ಎರಡನೇ ಸಾಲಿನ ಅಂಚಿನಲ್ಲಿ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆ ಬರುವಂತೆ ಕೂರಿಸಿ. ಬೇರೆಯವರು ಉತ್ತರ ಹೇಳುವಾಗ ತಿರುಗಿ ಅವರ ಮುಖ ನೋಡಲು ಅವನಿಗೆ ಬಿಡಿ. "ಹಿಂದೆ ನೋಡಬೇಡ" ಅಂತ ಗದರಬೇಡಿ. ನೀವು ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡಬೇಡಿ. ಬರೆಯಿರಿ, ತಿರುಗಿ, ಆಮೇಲೆ ಹೇಳಿ. ಎಷ್ಟನೇ ಪುಟ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಇನ್ನೊಬ್ಬ ಹುಡುಗಿ ಉತ್ತರ ಹೇಳಿದರೆ ನೀವು ಒಮ್ಮೆ ಅದನ್ನು ಪುನಃ ಹೇಳಿ. ಇದು ಉಳಿದ 37 ಮಕ್ಕಳಿಗೂ ಒಳ್ಳೆಯದೇ. ಹಿಂದಿನ ಸಾಲಿನವರು ಎಷ್ಟೋ ದಿನದಿಂದ ಕೇಳಿಸದೆ ಸುಮ್ನೆ ತಲೆಯಾಡಿಸುತ್ತಿದ್ದಾರೆ.

ದಯವಿಟ್ಟು ಕೂಗಬೇಡಿ. ಕೂಗಿದರೆ ಆ, ಓ ಮಾತ್ರ ಜೋರಾಗುತ್ತವೆ. ಸ, ಶ, ತ, ಪ ಇದ್ದಲ್ಲೇ ಇರುತ್ತವೆ. ತುಟಿಯ ಆಕಾರವೂ ಕೆಡುತ್ತದೆ, ಮಗುವಿಗೆ ನೀವು ಸಿಟ್ಟಾದಂತೆ ಕಾಣುತ್ತದೆ. ಸ್ವಲ್ಪ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ನಾಲ್ಕು ಸಲ ಹೇಳುವ ಬದಲು ಬೇರೆ ಪದ ಹಾಕಿ ಹೇಳಿ. "ತಿಳೀತಾ?" ಅಂತಲೂ ಕೇಳಬೇಡಿ. ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. "ನಾನು ಏನು ಮಾಡೋಕೆ ಹೇಳಿದೆ?" ಅಂತ ಕೇಳಿ.

ಕಿವಿ ಮಷಿನ್ ಸಿಕ್ಕರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮಷಿನ್ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತದೆ. ಸಣ್ಣ ಗುಂಡಿ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಕಿವಿಯೊಳಗೆ ಕೂರುವ ಅಚ್ಚು ಮಗು ಬೆಳೆದಂತೆ ಸಡಿಲವಾಗಿ ಕುಂಯ್ ಅಂತ ಶಿಳ್ಳೆ ಹೊಡೆಯುತ್ತದೆ. ಆಗ ಅಚ್ಚು ಬದಲಿಸಬೇಕು, ಮಷಿನ್ ತೆಗೆದಿಡುವುದಲ್ಲ. ಬೆವರಿಗೂ ಕೆಡುತ್ತದೆ, ರಾತ್ರಿ ಒಣ ಡಬ್ಬಿಯಲ್ಲಿಡಲಿ. ಕಳೆದುಹೋದೀತು ಎಂದು ಮಷಿನನ್ನು ಮನೆಯ ಟ್ರಂಕ್‌ನಲ್ಲಿ ಬೀಗ ಹಾಕಿ ಇಟ್ಟದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬೆಳಿಗ್ಗೆ ಹಾಜರಿ ಕರೆಯುವಾಗ ಅವನ ಕಿವಿಯ ಕಡೆಗೂ ಒಮ್ಮೆ ನೋಡಿ.

ವಿಶೇಷ ಶಾಲೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಏನೂ ಕೇಳಿಸದ, ಯಾವ ಭಾಷೆಯೂ ಕೈಗೆ ಸಿಗದ ಮಗುವಿಗೆ ಕೈಭಾಷೆ ಬಲ್ಲ ಶಿಕ್ಷಕರು, ತನ್ನಂಥ ಗೆಳೆಯರು ಇರುವ ಶಾಲೆ ದೊಡ್ಡ ಆಸರೆ. ಆದರೆ 40 ಪರ್ಸೆಂಟ್ ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂದು ಆರಿಸುವ ಹಕ್ಕನ್ನು ಕಾಯ್ದೆ ಮಗುವಿನ, ಮನೆಯವರ ಕಡೆಗೆ ಕೊಟ್ಟಿದೆ, ಮುಖ್ಯಗುರುಗಳಿಗೆ ಕೊಟ್ಟಿಲ್ಲ. ನಿಮ್ಮ ಹುಡುಗ ಮಾತಾಡುತ್ತಾನೆ, ಓದುತ್ತಾನೆ, ನಾಲ್ಕನೇ ತರಗತಿ ತನಕ ಅರ್ಧ ಕೇಳಿಸಿಕೊಂಡೇ ಬಂದಿದ್ದಾನೆ. ಕಿವಿಯ ಪರೀಕ್ಷೆಯನ್ನೂ ಮಾಡಿಸದೆ ಅವನನ್ನು ಊರು ಬಿಡಿಸುವ ಮಾತು ಆಡಬೇಡಿ.

ಪ್ರಶ್ನೆ: ಲಂಬಾಣಿ ತಾಂಡಾದಿಂದ ಬರುವ ಒಂದನೇ ತರಗತಿಯ ಹುಡುಗಿ ನಾಲ್ಕು ತಿಂಗಳಾದರೂ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಬುದ್ಧಿಮಾಂದ್ಯ ಎಂದು ವರದಿ ಕಳಿಸಬಹುದೇ? (ಶಿಕ್ಷಕರು, ಕುಷ್ಟಗಿ ತಾಲೂಕು)

ಕಳಿಸಬೇಡಿ ಸರ್. ಆಟದ ಬಯಲಿನಲ್ಲಿ ಅವಳ ತಾಂಡಾದ ಗೆಳತಿಯರ ಜೊತೆ ಮಾತಾಡುತ್ತಾಳಾ, ಮೊದಲು ಹೋಗಿ ನೋಡಿ. ಮಾತಾಡುತ್ತಿದ್ದರೆ ಅವಳಿಗೆ ಭಾಷೆ ಇದೆ, ಅದು ನಿಮಗೆ ಬರುತ್ತಿಲ್ಲ. ಲಂಬಾಣಿ ಮಾತು ಕನ್ನಡದ ಸಂಬಂಧಿಕ ಅಲ್ಲ, ರಾಜಸ್ಥಾನದ ಕಡೆಯ ನುಡಿಗಳ ಬಳಗದ್ದು. ಹೊಸ ಭಾಷೆಯ ನಡುವೆ ಬಿದ್ದ ಮಗು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾ ಕೂರುವುದು ಸಹಜ. ಐದನೇ ತರಗತಿಯ ತಾಂಡಾದ ಹುಡುಗಿಯೊಬ್ಬಳನ್ನು ದಿನಾ ಹತ್ತು ನಿಮಿಷ ಇವಳ ಪಕ್ಕ ಕೂರಿಸಿ. ನೀವೂ ಇಪ್ಪತ್ತು ಪದ ಕಲಿಯಿರಿ: ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಹೀಗೆ. ಒಂದು ದಿನ ನೀವು ತಪ್ಪಾಗಿ ಹೇಳಿದಾಗ ಅವಳು ನಕ್ಕು ತಿದ್ದುತ್ತಾಳೆ. ಮಾತು ಶುರುವಾಗುವುದು ಅಲ್ಲಿಂದ. ಮನೆಯವರು ಕೂಲಿ ಹುಡುಕಿ ಬೇರೆ ಊರಿಗೆ ಗುಳೆ ಹೋಗುತ್ತಾರಾ ಎಂದೂ ಕೇಳಿಕೊಳ್ಳಿ. ಹೋಗುವವರಾದರೆ ಎಷ್ಟು ಕಲಿತಿದ್ದಾಳೆ ಎಂದು ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಡಿ, ಹೋದ ಊರಿನ ಶಿಕ್ಷಕರು ಮತ್ತೆ ಅ ಆ ಇ ಈಯಿಂದ ಶುರು ಮಾಡಬಾರದು. ತಾಂಡಾದಲ್ಲೂ ಅವಳು ಯಾರ ಜೊತೆಗೂ ಮಾತಾಡದಿದ್ದರೆ ಮಾತ್ರ ಕಿವಿ ಪರೀಕ್ಷೆ, ಆಮೇಲೆ ಉಳಿದದ್ದು.

ಪ್ರಶ್ನೆ: ಯುಡಿಐಡಿ ಕಾರ್ಡ್ ಬರುವ ತನಕ ದಾಖಲಾತಿ ಇಲ್ಲ ಎಂದು ಶಾಲೆಯವರು ಹೇಳಿದ್ದಾರೆ. (ತಂದೆ, ದೇವದುರ್ಗ)

ಹಾಗೆ ತಡೆಯುವಂತಿಲ್ಲ ಅಣ್ಣಾ. ಬರೆದುಕೊಡಿ ಎಂದು ಕೇಳಿ, ಆ ಚೀಟಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.

ಪ್ರಶ್ನೆ: ನೆನಪಿನ ಶಕ್ತಿ ಹೆಚ್ಚಿಸುವ ಟಾನಿಕ್ ಯಾವುದು ಒಳ್ಳೆಯದು? (ಹಲವರು)

ಯಾವುದೂ ಅಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಪ್ರಶ್ನೆ: ಶಾಲೆಗೆ ರ‍್ಯಾಂಪ್ ಕಟ್ಟಿಸಿದ್ದೇವೆ. ಆದರೂ ವೀಲ್‌ಚೇರ್‌ನ ಹುಡುಗಿ ಒಬ್ಬಳೇ ಹತ್ತಲಾರಳು, ಈಚೆಗೆ ಶಾಲೆಗೇ ಬರುತ್ತಿಲ್ಲ. (ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಸಿರುಗುಪ್ಪ ತಾಲೂಕು)

ಅಳತೆ ಕಳಿಸಿದ್ದು ಒಳ್ಳೆಯದಾಯಿತು. ಒಂದೂವರೆ ಅಡಿ ಎತ್ತರದ ಕಟ್ಟೆಗೆ ಆರು ಅಡಿ ಉದ್ದದ ರ‍್ಯಾಂಪ್. ಅದು ಜಾರುಬಂಡೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ನಿಮ್ಮ ಕಟ್ಟೆಗೆ ಹದಿನೆಂಟು ಅಡಿ. ನೇರಕ್ಕೆ ಜಾಗ ಇಲ್ಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ ಕಟ್ಟಿಸಿ, ಎರಡೂ ಬದಿ ಕೈಹಿಡಿ ಇರಲಿ. ಅವಳು ಬರದಿರುವುದಕ್ಕೆ ರ‍್ಯಾಂಪ್ ಒಂದೇ ಕಾರಣ ಇರಲಾರದು. ಶೌಚಾಲಯದ ಬಾಗಿಲು ಎಷ್ಟು ಅಗಲ ಇದೆ, ಒಳಗೆ ಮೆಟ್ಟಿಲು ಇದೆಯಾ, ಅಳೆದು ನೋಡಿ. ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವ ಹುಡುಗಿಯರನ್ನು ನಾನು ಬಲ್ಲೆ. ನಿಮ್ಮ ಸಮಿತಿಯ ಹೆಣ್ಣುಮಕ್ಕಳು ಯಾರಾದರೂ ಅವಳ ಮನೆಗೆ ಹೋಗಿ ಇದೊಂದನ್ನು ಕೇಳಿಕೊಂಡು ಬರಲಿ. ಗಾರೆ ಕೆಲಸ ಅದಾದ ಮೇಲೆ ಶುರು ಮಾಡಿ.