ಆನೆ ಲದ್ದಿಯಲ್ಲಿ ನಾರು ಹಾಗೇ ಕಾಣುತ್ತದೆ, ಹಸುವಿನ ಸಗಣಿಯಲ್ಲಿ ಯಾಕಿಲ್ಲ?

ಆನೆ ಮೆಲುಕು ಹಾಕುವುದಿಲ್ಲ, ಅದಕ್ಕೇ. ಎರಡರಲ್ಲೂ ನಾರನ್ನು ಒಡೆಯುವುದು ಒಳಗಿರುವ ಸೂಕ್ಷ್ಮಜೀವಿಗಳೇ, ಆದರೆ ಅವುಗಳ ಜಾಗ ಬೇರೆ. ಹಸುವಿನಲ್ಲಿ ಅವು ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲೇ ಇರುತ್ತವೆ. ಅಲ್ಲಿಂದ ಮೇವು ಮತ್ತೆ ಬಾಯಿಗೆ ಬರುತ್ತದೆ. ಚೆನ್ನಾಗಿ ನುರಿಯುವ ತನಕ ಅದಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಆನೆಯಲ್ಲಿ ಈ ಕೆಲಸ ಕೊನೆಗೆ, ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಹಾಗಾಗಿ ಒಂದೆರಡು ದಿನದಲ್ಲೇ ಮೇವು ಹೊರಬೀಳುತ್ತದೆ, ಅರ್ಧದಷ್ಟೂ ಜೀರ್ಣವಾಗಿರುವುದಿಲ್ಲ.

ಸುಮ್ನೆ ದಂಡ ಅನಿಸುತ್ತೆ, ಅಲ್ವಾ? ಆದರೆ ಹೊಟ್ಟೆ ಬೇಗ ಖಾಲಿಯಾಗುವುದರಿಂದ ಒಣಹುಲ್ಲು, ಬಿದಿರು, ಮರದ ತೊಗಟೆ, ಏನು ಸಿಕ್ಕರೂ ರಾಶಿಗಟ್ಟಲೆ ತಿನ್ನಬಹುದು. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಬಂಡೀಪುರದ ಆನೆಗಳು ದಿನದ ಬಹುಪಾಲು ಮೇಯುತ್ತಲೇ ಇರುವುದು ಇದಕ್ಕಾಗಿಯೇ.