ಚರ್ಮದ ನೀಲಿ ಗೆಡ್ಡೆ: ಸೌಮ್ಯವೋ, ಬೇಸಲ್ ಸೆಲ್ ಕಾರ್ಸಿನೋಮಾವೋ?

ಎಚ್ ಅಂಡ್ ಇ (ಕೋಶಕೇಂದ್ರಕ್ಕೆ ನೀಲಿ, ಉಳಿದದ್ದಕ್ಕೆ ಗುಲಾಬಿ ಕೊಡುವ ವಾಡಿಕೆಯ ಬಣ್ಣ) ಸ್ಲೈಡ್‌ನಲ್ಲಿ ಬೇಸಲಾಯ್ಡ್ (ಹೊರಚರ್ಮದ ತಳದ ಕೋಶಗಳನ್ನು ಹೋಲುವ) ಗೆಡ್ಡೆಗಳೆಲ್ಲ ಒಂದೇ ಥರ ನೀಲಿಯಾಗಿ ಕಾಣುತ್ತವೆ, ಯಾವುದು ಸೌಮ್ಯ, ಯಾವುದು ಬೇಸಲ್ ಸೆಲ್ ಕಾರ್ಸಿನೋಮಾ (ಚರ್ಮದ ಒಂದು ಕ್ಯಾನ್ಸರ್) ಅಂತ ಹೇಳೋದು ಹೇಗೆ ಎಂದು ಕೇಳಿದ್ದೀರಿ. ನನ್ನ ಅನುಮಾನ, ನೀವು ಸ್ಲೈಡ್ ಇಟ್ಟ ಕೂಡಲೇ 40 ಪಟ್ಟು ಹಿಗ್ಗಿಸುವ ಲೆನ್ಸ್‌ಗೆ ಹೋಗುತ್ತೀರಿ. ಅಲ್ಲಿ ಕಾಣುವುದು ಕೋಶ ಮಾತ್ರ. ಉತ್ತರದ ಮುಕ್ಕಾಲು ಪಾಲು ಇರುವುದು ಗೆಡ್ಡೆಯ ಆಕಾರದಲ್ಲಿ. 2 ಅಥವಾ 4ರ ಲೆನ್ಸ್‌ನಲ್ಲೇ ಸ್ವಲ್ಪ ಹೊತ್ತು ಇರಿ. ಎಡ ಬಲ ಹೊಂದುತ್ತವೆಯೇ, ಅಂಚು ನಯವಾಗಿದೆಯೇ, ತಳ ಎಲ್ಲಿ ನಿಲ್ಲುತ್ತದೆ, ನೋಡಿ.

ಹೊರಚರ್ಮದ ಸೌಮ್ಯ ಬೆಳವಣಿಗೆಯಾದ ಸೆಬೊರಿಯಿಕ್ ಕೆರಟೋಸಿಸ್ ಇಲ್ಲೇ ಸಿಕ್ಕಿಬೀಳುತ್ತದೆ: ತಳ ದಾರ ಎಳೆದಂತೆ ನೇರ, ಒಳಗೆ ಕೆರಟಿನ್ ತುಂಬಿದ ಸಿಸ್ಟ್‌ಗಳು. ಕೂದಲಬುಡದ ಸೌಮ್ಯ ಗೆಡ್ಡೆಯಾದ ಪೈಲೋಮ್ಯಾಟ್ರಿಕೋಮಾದಲ್ಲಿ ನೀಲಿ ಕೋಶಗಳ ಪಕ್ಕದಲ್ಲೇ ಕೋಶಕೇಂದ್ರ ಅಳಿಸಿಹೋದ ಗುಲಾಬಿ 'ಭೂತಕೋಶ'ಗಳಿರುತ್ತವೆ. ಬೆವರುಗ್ರಂಥಿಯ ಸೌಮ್ಯ ಗೆಡ್ಡೆ ಸ್ಪೈರಡಿನೋಮಾ ಎಂದರೆ ಒಳಚರ್ಮದಲ್ಲಿ ಬಿಡಿಬಿಡಿ ನೀಲಿ ಉಂಡೆಗಳು, ಅವುಗಳೊಳಗೆ ಎರಡು ಬಗೆಯ ಕೋಶ, ನಡುವೆ ಚದುರಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ‌ಗಳು. ಬೆವರುನಾಳದ ಸೌಮ್ಯ ಗೆಡ್ಡೆ ಪೊರೋಮಾ ಸಾಮಾನ್ಯವಾಗಿ ಹೊರಚರ್ಮಕ್ಕೆ ಅಂಟಿಕೊಂಡೇ ಇಳಿಯುತ್ತದೆ. ಬೇಸಲ್ ಸೆಲ್ ಕಾರ್ಸಿನೋಮಾದಲ್ಲಿ ಅಂಚಿನ ಕೋಶಗಳು ಬೇಲಿಯಂತೆ ಸಾಲುಗಟ್ಟುತ್ತವೆ, ಪೊರೋಮಾದಲ್ಲಿ ಇಲ್ಲ; ಹುಡುಕಿದರೆ ಸಣ್ಣ ನಾಳಗಳು ಸಿಗುತ್ತವೆ.

ನಿಜವಾದ ತಲೆನೋವು ಕೂದಲಬುಡದ ಇನ್ನೊಂದು ಸೌಮ್ಯ ಗೆಡ್ಡೆ, ಟ್ರೈಕೋಎಪಿಥೀಲಿಯೋಮಾ. ಬೇಲಿಸಾಲು ಇದರಲ್ಲೂ ಇದೆ, ಆದ್ದರಿಂದ ಅದನ್ನು ನಂಬಬೇಡಿ. ಬಿರುಕು ಎಲ್ಲಿದೆ ನೋಡಿ. ಬೇಸಲ್ ಸೆಲ್ ಕಾರ್ಸಿನೋಮಾದಲ್ಲಿ ಕೋಶಗಳ ಗುಂಪಿಗೂ ಸ್ಟ್ರೋಮಾಕ್ಕೂ (ಗೆಡ್ಡೆಗೆ ಆಧಾರವಾದ ನಾರಿನ ಅಂಗಾಂಶ) ನಡುವೆ ಬಿರುಕು, ಅದರಲ್ಲಿ ಆಗಾಗ ಮ್ಯೂಸಿನ್ ಎಂಬ ಲೋಳೆ. ಟ್ರೈಕೋಎಪಿಥೀಲಿಯೋಮಾದ ಕೋಶಗಳು ತಮ್ಮ ಸ್ಟ್ರೋಮಾವನ್ನು ಬಿಡುವುದಿಲ್ಲ. ಬಿರುಕು ಬಿಟ್ಟರೆ ಆ ಸ್ಟ್ರೋಮಾಕ್ಕೂ ಸುತ್ತಲಿನ ಒಳಚರ್ಮಕ್ಕೂ ನಡುವೆ. ಕೂದಲಬುಡದ ಪ್ಯಾಪಿಲಾವನ್ನು ಹೋಲುವ ಫೈಬ್ರೋಬ್ಲಾಸ್ಟ್ ಗುಚ್ಛಗಳು ಸಿಕ್ಕರೆ ಇನ್ನೂ ಧೈರ್ಯ. ಇಮ್ಯುನೊದಲ್ಲಿ (ಪ್ರತಿಕಾಯ ಬಳಸಿ ಬೇಕಾದ ಪ್ರೋಟೀನಿಗೆ ಮಾತ್ರ ಬಣ್ಣ ಹಾಕುವ ಪರೀಕ್ಷೆ) ಸಿಕೆ20 ಎಂಬ ಪ್ರೋಟೀನಿಗೆ ಬಣ್ಣ ಹಾಕಿಸಿ: ಗೆಡ್ಡೆಯೊಳಗೆ ಅಲ್ಲೊಂದು ಇಲ್ಲೊಂದು ಮರ್ಕೆಲ್ ಕೋಶ (ಚರ್ಮದ ಸ್ಪರ್ಶಕೋಶ) ಹೊಳೆದರೆ ಟ್ರೈಕೋಎಪಿಥೀಲಿಯೋಮಾದ ಕಡೆ ವಾಲಬಹುದು. ಹೊಳೆಯದಿದ್ದರೆ ಅದರಿಂದ ಏನೂ ತೀರ್ಮಾನಿಸಬೇಡಿ. ಟ್ರೈಕೋಎಪಿಥೀಲಿಯೋಮಾ ಡೆಸ್ಮೋಪ್ಲಾಸ್ಟಿಕ್ (ಗಟ್ಟಿ ನಾರಿನ ಸ್ಟ್ರೋಮಾ ಇರುವ) ಬಗೆಯಾದರೆ ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಕೂಡ ಅನುಮಾನದ ಪಟ್ಟಿಗೆ ಸೇರುತ್ತದೆ. ಅದು ನರಗಳ ಸುತ್ತ ಆಳಕ್ಕೆ ಇಳಿಯುವಂಥದ್ದು, ಆಳವಿಲ್ಲದ ಬಯಾಪ್ಸಿಯಲ್ಲಿ ಅದನ್ನು ತಳ್ಳಿಹಾಕಲಾಗದು.

ಮೇಲಿಂದ ಕೆರೆದು ತೆಗೆದ ಶೇವ್ ಬಯಾಪ್ಸಿಯಲ್ಲಿ ಮತ್ತೊಂದು ಬಲೆಯಿದೆ. ಒಳಚರ್ಮದ ಸೌಮ್ಯ ನಾರುಗಂಟಾದ ಡರ್ಮಟೋಫೈಬ್ರೋಮಾದ ಮೇಲಿನ ಹೊರಚರ್ಮ ಕೆಲವೊಮ್ಮೆ ಬೇಸಲಾಯ್ಡ್ ಮೊಗ್ಗುಗಳನ್ನು ಇಳಿಬಿಡುತ್ತದೆ, ಥೇಟ್ ಕಾರ್ಸಿನೋಮಾದಂತೆ. ಕೆಳಗೆ ಕದಿರಾಕಾರದ ಕೋಶಗಳೂ ಅಂಚಿನಲ್ಲಿ ಅವುಗಳ ನಡುವೆ ಸಿಕ್ಕಿಕೊಂಡ ದಪ್ಪ ಕೊಲಾಜನ್ ಉಂಡೆಗಳೂ ಇವೆಯೇ ಎಂದು ನೋಡದೆ ವರದಿ ಬರೆಯಬೇಡಿ.

ಎಷ್ಟೋ ಸಲ ತಪ್ಪು ಸ್ಲೈಡ್‌ಗೆ ಮೊದಲೇ ಆಗಿರುತ್ತದೆ. ಅಂಗಾಂಶದ ಗಾತ್ರದ ಕನಿಷ್ಠ 10 ಪಟ್ಟು 10% ಬಫರ್ಡ್ ಫಾರ್ಮಲಿನ್ (ಅಂಗಾಂಶ ಕೆಡದಂತೆ ಹಿಡಿದಿಡುವ ದ್ರಾವಣ), ಸಣ್ಣ ತುಣುಕಿಗೆ 6ರಿಂದ 24 ಗಂಟೆ ಬೇಕು. ಪ್ಯಾರಾಫಿನ್‌ನಲ್ಲಿ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದರೆ ಕತ್ತಿ ಓರೆಯಾಗಿ ಹಾಯ್ದು, ಹೊರಚರ್ಮದ ಬೇರುಗಳು ಒಳಚರ್ಮದಲ್ಲಿ ತೇಲುವ ದ್ವೀಪಗಳಾಗುತ್ತವೆ. ಸೌಮ್ಯ ಕೆರಟೋಸಿಸ್ ಕೂಡ ಒಳನುಗ್ಗಿದಂತೆ ಕಾಣುತ್ತದೆ. ಅನುಮಾನ ಬಂದರೆ ಬ್ಲಾಕ್ (ತುಣುಕು ಕೂರಿಸಿದ ಪ್ಯಾರಾಫಿನ್ ಮೇಣದ ಅಚ್ಚು) ತಿರುಗಿಸಿ ಕೂರಿಸಿ, 4 ಮೈಕ್ರಾನ್ ದಪ್ಪದಲ್ಲಿ ಇನ್ನಷ್ಟು ಆಳದ ಪದರಗಳನ್ನು ಕತ್ತರಿಸಿ ಕೊಡಲು ಹೇಳಿ.

ಇಷ್ಟಾದರೂ ತಳ ಕಾಣದಿದ್ದರೆ ನಾನಾದರೆ ಹೆಸರು ಕೊಡುವುದಿಲ್ಲ. 'ಬೇಸಲಾಯ್ಡ್ ಗೆಡ್ಡೆ, ತಳ ಈ ತುಣುಕಿನಲ್ಲಿಲ್ಲ, ಪೂರ್ತಿ ತೆಗೆದು ಕಳಿಸಿ' ಎಂದಷ್ಟೇ ಬರೆಯುತ್ತೇನೆ.